ಅಪ್‌ಗ್ರೇಡ್ ಕೈಕೊಟ್ಟಾಗ: 'ಏನಾಯಿತು' ಅಲ್ಲ, 'ಎಲ್ಲಿ ನಿಂತಿತು' ಅಂತ ಕೇಳಿ

ಅಪ್‌ಗ್ರೇಡ್ ಶೇಕಡಾ 62ರವರೆಗೆ ಬಂದು ನಿಲ್ಲುತ್ತದೆ. ಕಂಪ್ಯೂಟರ್ ತಾನಾಗಿಯೇ ರಿಸ್ಟಾರ್ಟ್ ಆಗುತ್ತದೆ. ಮಾಡಿದ ಬದಲಾವಣೆಗಳನ್ನೆಲ್ಲ ರದ್ದು ಮಾಡುತ್ತಿದ್ದೇನೆ ಎಂದು ಪರದೆ ಹೇಳುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಹಳೆಯ ಡೆಸ್ಕ್‌ಟಾಪ್, ಹಳೆಯ ವಾಲ್‌ಪೇಪರ್, ಎಲ್ಲ ಇದ್ದ ಹಾಗೇ. ಜೊತೆಗೆ ತಲೆಬುಡ ಗೊತ್ತಾಗದ ಒಂದು ಸಂಖ್ಯೆ. ಹೆಚ್ಚಿನವರು ಆಗ ಅದೇ ಬಟನ್ ಮತ್ತೆ ಒತ್ತುತ್ತಾರೆ. ಮತ್ತೆ ಎರಡು ಗಂಟೆ ಹೋಗುತ್ತದೆ, ಮತ್ತೆ ಅದೇ ಸಂಖ್ಯೆ ಬರುತ್ತದೆ.

ಈ ಗೋಳು ಈಚೆಗೆ ಜಾಸ್ತಿ ಕೇಳಿಬರಲು ಕಾರಣವಿದೆ. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಮನೆಬಳಕೆಯವರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ ಎಂದು ಒಂದು ಕಿಂಡಿಯನ್ನಷ್ಟೇ ತೆರೆದಿಟ್ಟಿತು. ಹೀಗಾಗಿ ವರ್ಷಗಟ್ಟಲೆ 'ನಡೀತಾ ಇದೆ, ಮುಟ್ಟೋದು ಬೇಡ' ಎಂದು ಬಿಟ್ಟಿದ್ದ ಕಂಪ್ಯೂಟರ್‌ಗಳೆಲ್ಲ ಒಟ್ಟಿಗೆ ವಿಂಡೋಸ್ 11ರ ಕಡೆಗೆ ಹೊರಟಿವೆ.

ನನ್ನ ಅನಿಸಿಕೆ ಹೇಳುತ್ತೇನೆ. ಅಪ್‌ಗ್ರೇಡ್ ಕೆಡುವುದರಲ್ಲಿ ಹೊಸ ವ್ಯವಸ್ಥೆಯ ತಪ್ಪಿಗಿಂತ ಹಳೆಯ ಕಂಪ್ಯೂಟರ್ ಹೊತ್ತುಕೊಂಡು ಬಂದಿರುವ ಹೊರೆಯ ಪಾಲು ದೊಡ್ಡದು. ಎಂದೋ ಹಾಕಿದ ಡ್ರೈವರ್ (ಸಾಧನವನ್ನು ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶ), ಅಳಿಸಿದೆ ಅಂದುಕೊಂಡ ಆಂಟಿವೈರಸ್‌ನ ಉಳಿಕೆ, ಬೇರೆ ಯಾವುದೋ ಕಾಲದ ಅಂದಾಜಿನಲ್ಲಿ ಕತ್ತರಿಸಿಟ್ಟ ಪಾರ್ಟಿಷನ್ (ಡಿಸ್ಕ್‌ನ ಒಂದು ಭಾಗ), ಅರ್ಧಂಬರ್ಧ ಅಳಿದ ಬಳಕೆದಾರರ ಖಾತೆ. ದಿನನಿತ್ಯದ ಬಳಕೆಯಲ್ಲಿ ಇವು ಯಾವುವೂ ಕಾಟ ಕೊಡುವುದಿಲ್ಲ. ಆದರೆ ಅಪ್‌ಗ್ರೇಡ್ ಎಂದರೆ ಮಂದಿ ಒಳಗೆ ವಾಸವಿರುವಾಗಲೇ ಮನೆಯ ತಳಪಾಯ ಬದಲಿಸುವ ಕೆಲಸ. ಎಲ್ಲಿ ಬಿರುಕಿದೆಯೋ ಅದು ಆಗ ಕಾಣಿಸುತ್ತದೆ.

ಇನ್ನೊಂದು ಮಾತು. ಹಳೆಯ ಡೆಸ್ಕ್‌ಟಾಪ್ ಮರಳಿ ಬಂತು ಅಂದರೆ ಅರ್ಧ ಕೆಲಸ ಸರಿಯಾಗಿಯೇ ನಡೆದಿದೆ. ಮುಂದೆ ಹೋದರೆ ಅಪಾಯ ಎಂದು ಅಪ್‌ಗ್ರೇಡ್ ನಡೆಸುವ ಸೆಟಪ್‌ಗೆ ಗೊತ್ತಾಯಿತು, ಅದು ಹಿಂದೆ ಸರಿಯಿತು. ನಿಜವಾಗಿ ಹೆದರಬೇಕಾದ್ದು ಹಿಂದಕ್ಕೂ ಬರದೆ, ಮುಂದಕ್ಕೂ ಹೋಗದೆ ನಿಂತಾಗ. ಅದರ ಕಥೆ ಆಮೇಲೆ ನೋಡೋಣ.

ವಿಂಡೋಸ್ ಅಪ್‌ಗ್ರೇಡ್ ನಾಲ್ಕು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಹಳೆಯ ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ಆಗುವ ತಯಾರಿ. ಫೈಲ್‌ಗಳು ಡೌನ್‌ಲೋಡ್ ಆಗುತ್ತವೆ, ಜಾಗ ಇದೆಯಾ, ಯಂತ್ರ ಹೊಂದುತ್ತದಾ ಎಂಬ ತಪಾಸಣೆ ನಡೆಯುತ್ತದೆ. ಎರಡನೆಯದರಲ್ಲಿ ಕಂಪ್ಯೂಟರ್ ಒಮ್ಮೆ ರಿಸ್ಟಾರ್ಟ್ ಆಗಿ ಒಂದು ಪುಟಾಣಿ ವಿಂಡೋಸ್ ಮೇಲೆ ಓಡುತ್ತದೆ. ಇದಕ್ಕೆ ಸೇಫ್ ಓಎಸ್ ಅನ್ನುತ್ತಾರೆ. ಹಳೆಯ ವ್ಯವಸ್ಥೆಯನ್ನು ಪಕ್ಕಕ್ಕೆ ಸರಿಸಿ ಹೊಸದನ್ನು ಬಿಚ್ಚಿ ಜೋಡಿಸುವುದು ಇಲ್ಲೇ. ಮೂರನೆಯದು ಫಸ್ಟ್ ಬೂಟ್. ಹೊಸ ವಿಂಡೋಸ್ ಮೊದಲ ಸಲ ತಾನೇ ಎದ್ದು ನಿಂತು ನಿಮ್ಮ ಯಂತ್ರದ ಬಿಡಿಭಾಗಗಳನ್ನು ಗುರುತಿಸುತ್ತದೆ. ನಾಲ್ಕನೆಯದು ಸೆಕೆಂಡ್ ಬೂಟ್. ಉಳಿದ ಸೆಟ್ಟಿಂಗ್‌ಗಳೆಲ್ಲ ಕೂತು ಸ್ವಾಗತದ ಪರದೆ ಬರುವ ತನಕದ ಹಂತ.

ಈಗ ಆ ಅರ್ಥವಾಗದ ಸಂಖ್ಯೆಗೆ ಬನ್ನಿ. ಸಾಮಾನ್ಯವಾಗಿ ಅದು ನಡುವೆ ಒಂದು ಗೆರೆ ಇರುವ ಜೋಡಿ ಸಂಖ್ಯೆ. ಉದಾಹರಣೆಗೆ 0ಎಕ್ಸ್‌ಸಿ1900101 - 0ಎಕ್ಸ್20017 (ಪರದೆಯಲ್ಲಿ 0xC1900101 - 0x20017). ಜನ ಹುಡುಕುವುದು ಮೊದಲ ಭಾಗವನ್ನು. ನನ್ನನ್ನು ಕೇಳಿದರೆ ಎರಡನೆಯ ಭಾಗಕ್ಕೇ ಬೆಲೆ ಜಾಸ್ತಿ. ಅದರಲ್ಲಿ ಎಕ್ಸ್ ನಂತರದ ಮೊದಲ ಅಂಕಿ ಯಾವ ಹಂತ ಎಂದು ಹೇಳುತ್ತದೆ. 2 ಇದ್ದರೆ ಸೇಫ್ ಓಎಸ್, 3 ಇದ್ದರೆ ಫಸ್ಟ್ ಬೂಟ್, 4 ಇದ್ದರೆ ಸೆಕೆಂಡ್ ಬೂಟ್. ಕೊನೆಯ ಎರಡು ಅಕ್ಷರಗಳು ಆ ಹಂತದಲ್ಲಿ ಯಾವ ಕೆಲಸ ನಡೆಯುತ್ತಿತ್ತು ಎಂದು ತಿಳಿಸುತ್ತವೆ. 17 ಅಂದರೆ ಬೂಟ್ ಆಗುವ ಕೆಲಸ. 0ಡಿ ಅಂದರೆ ಬಳಕೆದಾರರ ಡೇಟಾ ಸಾಗಿಸುವ ಕೆಲಸ. ಹಾಗಾಗಿ 20017 ಬಂದರೆ ಪುಟಾಣಿ ವಿಂಡೋಸ್ ಏಳಲೇ ಇಲ್ಲ ಎಂದರ್ಥ. 4000ಡಿ ಬಂದರೆ ಹೊಸ ವಿಂಡೋಸ್ ಎದ್ದಿದೆ, ನಿಮ್ಮ ಸಾಮಾನು ಸಾಗಿಸುವಾಗ ಎಡವಿದೆ ಎಂದರ್ಥ. ಎರಡಕ್ಕೂ ಮದ್ದು ಬೇರೆ ಬೇರೆ.

ಮೊದಲ ಭಾಗದಲ್ಲೂ ಒಂದು ಸುಳಿವಿದೆ. 8007 ಎಂದು ಶುರುವಾದರೆ ಅದು ವಿಂಡೋಸ್‌ನ ಮಾಮೂಲಿ ದೋಷಗಳ ಪಟ್ಟಿಯಿಂದ ಬಂದದ್ದು. ಕೊನೆಯ ನಾಲ್ಕು ಅಂಕಿ ಆ ಪಟ್ಟಿಯ ಸಂಖ್ಯೆ, ಹೆಕ್ಸಾಡೆಸಿಮಲ್, ಅಂದರೆ ಹದಿನಾರರ ಲೆಕ್ಕದಲ್ಲಿ. 0ಎಕ್ಸ್80070070 ತಗೊಳ್ಳಿ. 70 ಅನ್ನು ನಮ್ಮ ಲೆಕ್ಕಕ್ಕೆ ತಂದರೆ 112. ಅಂದರೆ ಡಿಸ್ಕ್ ತುಂಬಿದೆ. 80070005 ಆದರೆ ಅನುಮತಿ ಸಿಗಲಿಲ್ಲ, 80070002 ಆದರೆ ಬೇಕಾದ ಫೈಲ್ ಸಿಗಲಿಲ್ಲ. ಇನ್ನು ಸಿ1900208 ಅಂದರೆ ಹೊಂದದ ಒಂದು ಅಪ್ಲಿಕೇಶನ್ ಅಡ್ಡ ಕೂತಿದೆ. ಸಿ1900107 ಅಂದರೆ ಹಿಂದಿನ ಪ್ರಯತ್ನದ ಕಸ ಇನ್ನೂ ತೆಗೆದಿಲ್ಲ. ಆಗ ಒಮ್ಮೆ ರಿಸ್ಟಾರ್ಟ್ ಮಾಡಿ, ಡಿಸ್ಕ್ ಕ್ಲೀನಪ್ ನಡೆಸಿದರೆ ಎಷ್ಟೋ ಸಲ ಸಾಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ಸಿ1900101. ಇದು ಒಂದು ನಿರ್ದಿಷ್ಟ ದೋಷದ ಹೆಸರಲ್ಲ. 'ಹಿಂದೆ ಸರಿಯಬೇಕಾಯಿತು, ಬಹುಶಃ ಡ್ರೈವರ್ ಇರಬೇಕು' ಎಂದು ಕೈಚೆಲ್ಲುವ ಒಂದು ಸಾಮಾನ್ಯ ಸಂಕೇತ. ಇಲ್ಲೇ ಎರಡನೆಯ ಭಾಗ ನೆರವಿಗೆ ಬರುವುದು. ಇದರ ಜೊತೆ 30018 ಬಂದರೆ ಯಾವುದೋ ಸಾಧನದ ಡ್ರೈವರ್ ಸೆಟಪ್‌ಗೆ ಉತ್ತರ ಕೊಡುವುದನ್ನು ನಿಲ್ಲಿಸಿದೆ. ಕೀಬೋರ್ಡ್, ಮೌಸ್, ಮಾನಿಟರ್ ಬಿಟ್ಟು ಮಿಕ್ಕಿದ್ದನ್ನೆಲ್ಲ ಕಿತ್ತು ನೋಡಬೇಕು. 40017 ಬಂದರೆ ಆಂಟಿವೈರಸ್ ಅಥವಾ ಡಿಸ್ಕ್ ಎನ್‌ಕ್ರಿಪ್ಷನ್ ತಂತ್ರಾಂಶದ ಫಿಲ್ಟರ್ ಡ್ರೈವರ್ ಮೇಲೆ ಅನುಮಾನ ಪಡಬೇಕು.

ಫಿಲ್ಟರ್ ಡ್ರೈವರ್ ಅಂದರೆ ಏನು ಅಂತ ಸ್ವಲ್ಪ ಹೇಳಲೇಬೇಕು. ನೀವು ಒಂದು ಫೈಲ್ ತೆರೆದಾಗ ಆ ಕೋರಿಕೆ ನೇರವಾಗಿ ಡಿಸ್ಕ್‌ಗೆ ಹೋಗುವುದಿಲ್ಲ. ನಡುವೆ ಆಂಟಿವೈರಸ್ ಕೂತು ಪ್ರತಿಯೊಂದನ್ನೂ ನೋಡಿ ಬಿಡುತ್ತದೆ. ಬ್ಯಾಕಪ್ ತಂತ್ರಾಂಶ, ಆಟಗಳ ಮೋಸ ತಡೆಯುವ ತಂತ್ರಾಂಶ ಕೂಡ ಹೀಗೆಯೇ ಕರ್ನೆಲ್ (ವ್ಯವಸ್ಥೆಯ ತಿರುಳು) ಮಟ್ಟಕ್ಕೆ ಇಳಿದು ಕೂರುತ್ತವೆ. ವಿಪಿಎನ್ ಇದೇ ಕೆಲಸವನ್ನು ನೆಟ್‌ವರ್ಕ್ ಕಡೆ ಮಾಡುತ್ತದೆ. ಕರ್ನೆಲ್ ಬದಲಾದ ದಿನ ಇವುಗಳಲ್ಲಿ ಒಂದು ಎಡವಿದರೂ ಇಡೀ ವ್ಯವಸ್ಥೆ ಬೀಳುತ್ತದೆ. ಆದ್ದರಿಂದ ಅಪ್‌ಗ್ರೇಡ್‌ಗೆ ಮುಂಚೆ ಆಂಟಿವೈರಸ್ ಅನ್ನು ಸುಮ್ನೆ ಆಫ್ ಮಾಡಿದರೆ ಪ್ರಯೋಜನವಿಲ್ಲ. ಆಫ್ ಮಾಡಿದರೂ ಡ್ರೈವರ್ ತನ್ನ ಜಾಗದಲ್ಲೇ ಇರುತ್ತದೆ. ಪೂರ್ತಿ ತೆಗೆದುಹಾಕಬೇಕು, ಅದೂ ಆ ತಯಾರಕರೇ ಕೊಡುವ ತೆಗೆಯುವ ಉಪಕರಣ ಬಳಸಿ. ಅಷ್ಟು ಹೊತ್ತು ಕಾಯಲು ವಿಂಡೋಸ್‌ನದೇ ಡಿಫೆಂಡರ್ ಇದೆಯಲ್ಲ.

ಹೊರಗಿನ ಸಾಧನಗಳನ್ನು ಕೀಳಿ ಎಂಬ ಸಲಹೆಯನ್ನು ಹಲವರು ಹಳೇ ಕಾಲದ ಮೂಢನಂಬಿಕೆ ಅಂದುಕೊಳ್ಳುತ್ತಾರೆ. ಹಾಗಲ್ಲ. 2019ರ ಮೇ ಅಪ್‌ಡೇಟ್ ಹೊತ್ತಿಗೆ ಮೈಕ್ರೋಸಾಫ್ಟ್ ಯುಎಸ್‌ಬಿ ಡ್ರೈವ್ ಅಥವಾ ಎಸ್‌ಡಿ ಕಾರ್ಡ್ ಸಿಕ್ಕಿಸಿದ್ದ ಕಂಪ್ಯೂಟರ್‌ಗಳಿಗೆ ಅಪ್‌ಗ್ರೇಡ್ ಅನ್ನೇ ತಡೆದಿತ್ತು. ಅಪ್‌ಗ್ರೇಡ್ ನಡುವೆ ಡ್ರೈವ್‌ಗಳ ಅಕ್ಷರಗಳು ಅದಲುಬದಲಾಗುವ ಸಾಧ್ಯತೆ ಇತ್ತು. ಕಾರ್ಡ್ ರೀಡರ್‌ನಲ್ಲಿ ಮರೆತುಹೋದ ಒಂದು ಚಿಕ್ಕ ಕಾರ್ಡ್ ಇಷ್ಟು ಮಾಡಬಲ್ಲದು.

ಇನ್ನು ಜಾಗದ ಮಾತು. ಸಿ ಡ್ರೈವ್‌ನಲ್ಲಿ 20ರಿಂದ 30 ಜಿಬಿ ಖಾಲಿ ಇರಲಿ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಕಾಡುವುದು ಕಣ್ಣಿಗೆ ಕಾಣದ ಚಿಕ್ಕ ಪಾರ್ಟಿಷನ್‌ಗಳು. ಬೂಟ್ ಫೈಲ್‌ಗಳನ್ನು ಇಡುವ ಇಎಫ್‌ಐ ಪಾರ್ಟಿಷನ್ ಹೆಚ್ಚಿನ ಯಂತ್ರಗಳಲ್ಲಿ ಬರೀ 100 ಎಂಬಿ. ಕೆಲವು ತಯಾರಕರ ಫರ್ಮ್‌ವೇರ್ (ಯಂತ್ರದೊಳಗೇ ಕೂತಿರುವ ಮೂಲ ತಂತ್ರಾಂಶ) ಉಪಕರಣಗಳು ತಮ್ಮ ಫೈಲ್‌ಗಳನ್ನೂ ಅಲ್ಲೇ ತುಂಬುತ್ತವೆ. ಅದು ತುಂಬಿದ ಮೇಲೆ ಸಿ ಡ್ರೈವ್‌ನಲ್ಲಿ 300 ಜಿಬಿ ಖಾಲಿ ಇದ್ದರೂ 'ಸಿಸ್ಟಮ್ ರಿಸರ್ವ್ಡ್ ಪಾರ್ಟಿಷನ್ ಅಪ್‌ಡೇಟ್ ಮಾಡಲಾಗಲಿಲ್ಲ' ಎಂಬ ಸಂದೇಶ ಬರುತ್ತದೆ. ಇದಕ್ಕೆ ಮೈಕ್ರೋಸಾಫ್ಟ್ ಹೇಳುವ ಪರಿಹಾರ ಕೇಳಿದರೆ ನಗು ಬರುತ್ತದೆ. ಆ ಪಾರ್ಟಿಷನ್ ಒಳಗೆ ಬೂಟ್ ಪರದೆಯ ಅಕ್ಷರ ವಿನ್ಯಾಸಗಳಿರುವ ಫಾಂಟ್ಸ್ ಫೋಲ್ಡರ್ ಇದೆ, ಅದರಲ್ಲಿರುವ ಫೈಲ್‌ಗಳನ್ನು ಅಳಿಸಿ ಅನ್ನುತ್ತದೆ. ಕೆಲವು ಎಂಬಿ ಸಿಗುತ್ತದೆ, ಅಪ್‌ಗ್ರೇಡ್ ಸಲೀಸಾಗಿ ನಡೆಯುತ್ತದೆ. ಕೆಲವೇ ಎಂಬಿ ಕಡಿಮೆ ಬಿದ್ದದ್ದಕ್ಕೆ ಇಷ್ಟೆಲ್ಲ ರಾದ್ಧಾಂತ! ಆದರೆ ಅದೇ ಪಾರ್ಟಿಷನ್‌ನಲ್ಲಿ ಕೈತಪ್ಪಿ ಬೇರೆ ಫೈಲ್ ಅಳಿಸಿದರೆ ಕಂಪ್ಯೂಟರ್ ಬೂಟ್ ಆಗುವುದೇ ಇಲ್ಲ. ಕಮಾಂಡ್ ಪ್ರಾಂಪ್ಟ್ ಅಭ್ಯಾಸ ಇಲ್ಲದವರು ಇದನ್ನು ಬಲ್ಲವರ ಕೈಗೆ ಬಿಡುವುದು ಒಳ್ಳೆಯದು.

ಕೆಟ್ಟ ವಿಂಡೋಸ್ ಸರಿಪಡಿಸುವ ಸಲಕರಣೆ ಇರುವ ರಿಕವರಿ ಪಾರ್ಟಿಷನ್ ಕಥೆಯೂ ಇದೇ. 2024ರ ಜನವರಿಯಲ್ಲಿ ಬಂದ ಒಂದು ಭದ್ರತಾ ಅಪ್‌ಡೇಟ್‌ಗೆ ಆ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಬೇಕಿತ್ತು. ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಅಷ್ಟು ಇರಲಿಲ್ಲ. ಅವುಗಳಿಗೆ ಸಿಕ್ಕಿದ್ದು 0ಎಕ್ಸ್80070643 ಎಂಬ ಉತ್ತರ. ಜಾಗ ಸಾಲದು ಎಂಬ ನೇರ ಮಾತನ್ನು ಆ ಸಂಖ್ಯೆ ಹೇಳುತ್ತಲೇ ಇರಲಿಲ್ಲ. ಪಾರ್ಟಿಷನ್ ಹಿಗ್ಗಿಸುವ ಆಜ್ಞೆಗಳನ್ನು ಜನಸಾಮಾನ್ಯರೇ ಟೈಪ್ ಮಾಡಬೇಕು ಎಂದು ನಿರೀಕ್ಷಿಸಿದ್ದು ಆ ಕಂಪನಿಯ ದೊಡ್ಡ ಎಡವಟ್ಟು ಎಂದೇ ನನ್ನ ಅಭಿಪ್ರಾಯ.

ಸಂಖ್ಯೆ ಓದಿದ ಮೇಲೂ ಕಾರಣ ಸಿಗದಿದ್ದರೆ ಸೆಟಪ್ ತನ್ನ ಹೆಜ್ಜೆಗಳನ್ನು ಬರೆದಿಡುವ ಲಾಗ್ ಫೈಲ್ ನೋಡಬೇಕು. ಸಿ ಡ್ರೈವ್‌ನಲ್ಲಿ ಡಾಲರ್ ಚಿಹ್ನೆಯಿಂದ ಶುರುವಾಗುವ ಒಂದು ಅಡಗಿದ ಫೋಲ್ಡರ್ ಇರುತ್ತದೆ. ಅದರೊಳಗೆ ಸೋರ್ಸಸ್, ಅದರೊಳಗೆ ಪ್ಯಾಂಥರ್. ಅಲ್ಲಿ ಸೆಟಪ್‌ಆ್ಯಕ್ಟ್ ಮತ್ತು ಸೆಟಪ್‌ಎರ್ ಎಂಬ ಎರಡು ಲಾಗ್‌ಗಳಿವೆ. ಹಿಂದೆ ಸರಿದಾಗ ಬರೆದ ಲಾಗ್ ಪಕ್ಕದ ರೋಲ್‌ಬ್ಯಾಕ್ ಫೋಲ್ಡರ್‌ನಲ್ಲಿರುತ್ತದೆ. ತೆರೆದ ತಕ್ಷಣ ಸಾವಿರಾರು ಸಾಲು ಕಂಡು ಹೌಹಾರಬೇಡಿ. 'ಎರರ್' ಎಂದಿರುವ ಸಾಲೆಲ್ಲ ಅಪರಾಧಿಯೂ ಅಲ್ಲ, ಸರಿಯಾಗಿ ನಡೆದ ಅಪ್‌ಗ್ರೇಡ್‌ನ ಲಾಗ್‌ನಲ್ಲೂ ಅಂಥವು ಇರುತ್ತವೆ. ಕೆಳಗಿನಿಂದ ಮೇಲಕ್ಕೆ ಓದಿ. ಪರದೆಯ ಮೇಲೆ ಕಂಡ ಸಂಕೇತ ಮೊದಲು ಎಲ್ಲಿ ಬಂದಿದೆ ಎಂದು ಹುಡುಕಿ, ಅದರ ಹಿಂದಿನ ಕೆಲವು ಸಾಲು ನೋಡಿ.

ಮೈಕ್ರೋಸಾಫ್ಟ್ ತನ್ನ ತಾಂತ್ರಿಕ ದಾಖಲೆಯಲ್ಲೇ ಇದಕ್ಕೊಂದು ಉದಾಹರಣೆ ಕೊಟ್ಟಿದೆ. ಪರದೆಯ ಮೇಲೆ ಬಂದದ್ದು 0ಎಕ್ಸ್8007042ಬಿ - 0ಎಕ್ಸ್4000ಡಿ. ಎರಡನೆಯ ಭಾಗ ನೋಡಿದರೆ ಸೆಕೆಂಡ್ ಬೂಟ್, ಡೇಟಾ ಸಾಗಣೆ. ಲಾಗ್‌ನಲ್ಲಿ ಈ ಸಂಕೇತದ ಸ್ವಲ್ಪ ಮೇಲೆ, ಕ್ರಿಪ್ಟೋ ಫೋಲ್ಡರ್ ಒಳಗಿನ ಒಂದು ವಸ್ತುವನ್ನು ಸಂಗ್ರಹಿಸುವಾಗ 1392 ಎಂಬ ದೋಷ ಬಂದಿದೆ ಎಂದಿದೆ. ವಿಂಡೋಸ್ ಪಟ್ಟಿಯಲ್ಲಿ 1392 ಅಂದರೆ ಫೈಲ್ ಕೆಟ್ಟಿದೆ, ಓದಲಾಗುತ್ತಿಲ್ಲ. ಅದು ಅಳಿಸಿದರೂ ತೊಂದರೆಯಿಲ್ಲದ ಒಂದು ಸ್ಥಳೀಯ ಸರ್ಟಿಫಿಕೇಟ್ ಫೈಲ್. ಕೆಟ್ಟುಹೋದ ಆ ಒಂದು ಫೈಲ್ ಸಾಗಿಸಲಾಗದೆ ಇಡೀ ಅಪ್‌ಗ್ರೇಡ್ ವಾಪಸ್ ಹೋಗಿತ್ತು. ಈ ವಿಷಯ ಲಾಗ್‌ನಲ್ಲಿ ಸ್ಪಷ್ಟವಾಗಿ ಬರೆದಿತ್ತು, ಪರದೆಯ ಮೇಲೆ ಮಾತ್ರ ಇರಲಿಲ್ಲ.

ಲಾಗ್ ಓದುವ ತಾಳ್ಮೆ ಇಲ್ಲದವರಿಗೆ ಸೆಟಪ್‌ಡಯಾಗ್ ಎಂಬ ಉಪಕರಣ ಇದೆ. ಮೈಕ್ರೋಸಾಫ್ಟ್‌ನದೇ. ಲಾಗ್‌ಗಳನ್ನು ಜಾಲಾಡಿ, ಗೊತ್ತಿರುವ ಕಾರಣಗಳ ಜೊತೆ ಹೋಲಿಸಿ, ಇಂಥ ಡ್ರೈವರ್, ಇಂಥ ಅಪ್ಲಿಕೇಶನ್ ಎಂದು ಹೆಸರು ಹೇಳುತ್ತದೆ. ವಿಂಡೋಸ್ 10ರ 2004 ಸಂಖ್ಯೆಯ (2020ರ) ಆವೃತ್ತಿಯಿಂದ ಇದು ಸೆಟಪ್ ಜೊತೆಗೇ ಬರುತ್ತದೆ. ಅಪ್‌ಗ್ರೇಡ್ ಕೆಟ್ಟಾಗ ತಾನಾಗಿಯೇ ಓಡಿ, ವಿಂಡೋಸ್ ಫೋಲ್ಡರ್‌ನ ಲಾಗ್ಸ್ ಒಳಗೆ ತನ್ನ ಹೆಸರಿನದೇ ಫೋಲ್ಡರ್‌ನಲ್ಲಿ ಫಲಿತಾಂಶ ಬರೆದಿಡುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ. ಕಾರಣ ಕಂಪ್ಯೂಟರ್‌ಗೆ ಗೊತ್ತಿದೆ. ಓದುವ ಹಾಗೆ ಬರೆದೂ ಇಟ್ಟಿದೆ. ಬಳಕೆದಾರರಿಗೆ ಮಾತ್ರ 'ಏನೋ ತಪ್ಪಾಗಿದೆ' ಎಂಬ ಒಂದು ಸಾಲು! 'ಈ ಆಡಿಯೋ ಡ್ರೈವರ್ ತೆಗೆದು ಮತ್ತೆ ಪ್ರಯತ್ನಿಸಿ' ಎಂದು ನೇರವಾಗಿ ಹೇಳಿದರೆ ಎಷ್ಟು ಜನರ ಎಷ್ಟು ಸಂಜೆ ಉಳಿಯುತ್ತಿತ್ತು, ಅಲ್ವಾ?

ಕಾರಣ ಏನೆಂದು ಸಿಕ್ಕಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮತ್ತೆ ಓಡಿಸಿ. ಮತ್ತೆ ಕೆಟ್ಟರೂ ಎರಡನೆಯ ಭಾಗದ ಮೊದಲ ಅಂಕಿ 2ರಿಂದ 4ಕ್ಕೆ ಹೋಗಿದೆಯಾ ನೋಡಿ. ಹೋಗಿದ್ದರೆ ನೀವು ಮುಂದೆ ಸಾಗಿದ್ದೀರಿ, ಮೊದಲಿನ ಅಡ್ಡಿ ನಿವಾರಣೆಯಾಗಿದೆ, ಈಗ ಬೇರೆಯದು. ಕಾರಣ ಏನೂ ಸಿಗದಿದ್ದರೆ ವಿಂಡೋಸ್‌ನ ಎರಡು ದುರಸ್ತಿ ಆಜ್ಞೆಗಳಾದ ಡಿಐಎಸ್‌ಎಂ ಮೊದಲು, ಎಸ್‌ಎಫ್‌ಸಿ ನಂತರ ಓಡಿಸಿ ಹಳೆಯ ವ್ಯವಸ್ಥೆಯ ಫೈಲ್‌ಗಳನ್ನು ಸರಿಪಡಿಸಬಹುದು. ಈ ಕ್ರಮಕ್ಕೆ ಅರ್ಥವಿದೆ. ಎಸ್‌ಎಫ್‌ಸಿ ಸರಿಪಡಿಸಲು ಬಳಸುವ ಮೂಲ ಪ್ರತಿಗಳನ್ನು ಡಿಐಎಸ್‌ಎಂ ಮೊದಲು ಸರಿ ಮಾಡುತ್ತದೆ. ಡಿಸ್ಕ್ ಮತ್ತು ರ್‍ಯಾಮ್ ಆರೋಗ್ಯವನ್ನೂ ನೋಡಿ. ಸಾಯುತ್ತಿರುವ ಡಿಸ್ಕ್ ಮೇಲೆ ಎಷ್ಟು ಸಲ ಅಪ್‌ಗ್ರೇಡ್ ಓಡಿಸಿದರೂ ಅದು ಸಾಯುವುದನ್ನು ಬೇಗ ಮಾಡಿದಂತೆ ಅಷ್ಟೆ.

ಶುರುವಾಗುವ ಮುಂಚೆಯೇ 'ನಿಮ್ಮ ಕಂಪ್ಯೂಟರ್ ಯೋಗ್ಯವಲ್ಲ' ಎಂಬ ಉತ್ತರ ಬರುವುದು ಬೇರೆಯದೇ ಸಮಸ್ಯೆ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಪಾಡುವ ಭದ್ರತಾ ಭಾಗ), ಸೆಕ್ಯೂರ್ ಬೂಟ್ (ನಂಬಿಕೆಯ ತಂತ್ರಾಂಶವನ್ನಷ್ಟೇ ಬೂಟ್ ಆಗಲು ಬಿಡುವ) ಸಾಮರ್ಥ್ಯ, 4 ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ, ಜೊತೆಗೆ ಅನುಮೋದಿತ ಪಟ್ಟಿಯ ಪ್ರೊಸೆಸರ್ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚೆಗಿನದು. ಟಿಪಿಎಂ ಇಲ್ಲ ಎಂಬ ಉತ್ತರವನ್ನು ಕೂಡಲೇ ನಂಬಬೇಡಿ. ಎಷ್ಟೋ ಯಂತ್ರಗಳಲ್ಲಿ ಅದು ಇದೆ, ಫರ್ಮ್‌ವೇರ್‌ನಲ್ಲಿ ಆಫ್ ಆಗಿದೆ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಇರುತ್ತದೆ. ಹಳೆಯ ಬಯೋಸ್ ಕ್ರಮದಲ್ಲಿರುವ ಡಿಸ್ಕ್ ಅನ್ನು ಯುಇಎಫ್‌ಐ ಎಂಬ ಹೊಸ ಬೂಟ್ ಕ್ರಮಕ್ಕೆ ಬದಲಿಸಲು ವಿಂಡೋಸ್‌ನಲ್ಲೇ ಎಂಬಿಆರ್-ಟು-ಜಿಪಿಟಿ ಎಂಬ ಉಪಕರಣ ಇದೆ, ಡೇಟಾ ಅಳಿಯುವುದಿಲ್ಲ. ಮೊದಲು ಡಿಸ್ಕ್ ಬದಲಿಸಿ, ಆಮೇಲೆ ಫರ್ಮ್‌ವೇರ್ ಸೆಟ್ಟಿಂಗ್ ಬದಲಿಸಿ. ಉಲ್ಟಾ ಮಾಡಿದರೆ ಕಂಪ್ಯೂಟರ್ ಏಳುವುದಿಲ್ಲ.

ನಿಯಮ ತಪ್ಪಿಸಿ ಒಳನುಗ್ಗುವ ದಾರಿಗಳೂ ಇವೆ, ಕೆಲಸವನ್ನೂ ಮಾಡುತ್ತವೆ. ಆದರೆ ವಿಂಡೋಸ್ 11ರ 24ಎಚ್2 ಆವೃತ್ತಿ ಎಸ್‌ಎಸ್‌ಇ 4.2 ಮತ್ತು ಪಾಪ್‌ಕೌಂಟ್ ಎಂಬ ಪ್ರೊಸೆಸರ್ ಆಜ್ಞೆಗಳನ್ನು ಬೇಡುತ್ತದೆ. ಅವು ಇಲ್ಲದ ತೀರಾ ಹಳೆಯ ಚಿಪ್‌ನಲ್ಲಿ ಅದು ಬೂಟ್ ಕೂಡ ಆಗುವುದಿಲ್ಲ, ಯಾವ ಉಪಾಯವೂ ನಡೆಯುವುದಿಲ್ಲ. ಅಪ್‌ಗ್ರೇಡ್ ನಿಮಗೆ ಇನ್ನೂ ಬರುತ್ತಿಲ್ಲ ಎಂಬುದನ್ನೂ ದೋಷ ಎಂದುಕೊಳ್ಳಬೇಡಿ. ನಿಮ್ಮಂಥ ಯಂತ್ರಗಳಲ್ಲಿ ತೊಂದರೆ ಕಂಡಿದ್ದರೆ ಮೈಕ್ರೋಸಾಫ್ಟ್ ಬೇಕೆಂದೇ ತಡೆಹಿಡಿದಿರುತ್ತದೆ. 24ಎಚ್2 ಬಂದಾಗ ವೆಸ್ಟರ್ನ್ ಡಿಜಿಟಲ್‌ನ ಕೆಲವು ಎಸ್‌ಎಸ್‌ಡಿಗಳಲ್ಲಿ ನೀಲಿ ಪರದೆ ಬರುತ್ತಿತ್ತು, ಡ್ರೈವ್‌ನ ಫರ್ಮ್‌ವೇರ್ ಅಪ್‌ಡೇಟ್ ಮಾಡಬೇಕಾಯಿತು. ಅಂಥ ಹೊತ್ತಿನಲ್ಲಿ ಐಎಸ್‌ಒ (ಪೂರ್ತಿ ಇನ್‌ಸ್ಟಾಲ್ ಪ್ರತಿ) ಫೈಲ್ ತಂದು ಬಲವಂತವಾಗಿ ಹಾಕಿದವರು ತಡೆಯನ್ನು ದಾಟಿ ನೇರ ಗುಂಡಿಗೆ ಬಿದ್ದರು.

ಬ್ಯಾಕಪ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಆದರೆ ತಪ್ಪು ಕಾರಣ ಕೊಡುತ್ತಾರೆ. ಕೆಟ್ಟ ಅಪ್‌ಗ್ರೇಡ್‌ನಲ್ಲಿ ಫೈಲ್ ಹೋಗುವುದಕ್ಕಿಂತ, ಯಶಸ್ವಿಯಾದ ಅಪ್‌ಗ್ರೇಡ್‌ನಲ್ಲಿ ಹೋದ ಪ್ರಸಂಗ ಹೆಚ್ಚು ಹೆಸರಾಗಿದೆ. 2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿ ಒಂದೂ ದೋಷ ತೋರಿಸದೆ ಕೂರುತ್ತಿತ್ತು. ಲಾಗಿನ್ ಆಗಿ ನೋಡಿದರೆ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರ್ ಬರಿದಾಗಿತ್ತು. ಫೋಲ್ಡರ್ ಅನ್ನು ಬೇರೆ ಡ್ರೈವ್‌ಗೆ ತಿರುಗಿಸಿ, ಕೆಲವು ಫೈಲ್‌ಗಳನ್ನು ಹಳೆಯ ಜಾಗದಲ್ಲೇ ಉಳಿಸಿದ್ದವರಿಗೆ ಈ ಗತಿ. ಹಳೆಯ ಜಾಗ ಖಾಲಿಯೇ ಇರಬೇಕು ಎಂದು ಅಂದಾಜಿಸಿ ಅಪ್‌ಗ್ರೇಡ್ ಅದನ್ನು ಗುಡಿಸಿ ಹಾಕಿತ್ತು. ಕೆಲವೇ ದಿನದಲ್ಲಿ ವಿತರಣೆ ನಿಂತಿತು, ನವೆಂಬರ್ 13ಕ್ಕೆ ಸರಿಪಡಿಸಿದ್ದು ಮತ್ತೆ ಬಂತು. ತೊಂದರೆ ವರದಿ ಮಾಡಿದವರು ಶೇಕಡಾ ಒಂದರ ನೂರನೇ ಒಂದು ಭಾಗ ಮಾತ್ರ ಎಂದು ಕಂಪನಿ ಹೇಳಿತು. ಆ ಭಾಗದಲ್ಲಿ ನೀವಿದ್ದರೆ ಆ ಲೆಕ್ಕದಿಂದ ಏನೂ ಸಮಾಧಾನವಿಲ್ಲ.

ಆ್ಯಪಲ್ ಕಡೆಯೂ ಎಲ್ಲ ನೆಟ್ಟಗಿಲ್ಲ. 2020ರ ನವೆಂಬರ್ 12ರಂದು ಬಂದ ಮ್ಯಾಕ್‌ಓಎಸ್ ಬಿಗ್ ಸರ್, 2013-14ರ ಕಾಲದ ಕೆಲವು 13 ಇಂಚಿನ ಮ್ಯಾಕ್‌ಬುಕ್ ಪ್ರೋಗಳನ್ನು ಕಪ್ಪು ಪರದೆಯ ಮೇಲೆ ನಿಲ್ಲಿಸಿತು. ಅದರದೇ ಇನ್ನೊಂದು ತೊಂದರೆ ಜಾಗದ್ದು. ಅಪ್‌ಗ್ರೇಡ್‌ಗೆ 35.5 ಜಿಬಿ ಖಾಲಿ ಬೇಕಿತ್ತು, ಆದರೆ ಇನ್‌ಸ್ಟಾಲರ್ ಅದನ್ನು ಸರಿಯಾಗಿ ನೋಡದೆಯೇ ಕೆಲಸ ಶುರು ಮಾಡುತ್ತಿತ್ತು. ನಡುದಾರಿಯಲ್ಲಿ ಜಾಗ ಮುಗಿದು, ಮುಂದೆಯೂ ಹಿಂದೆಯೂ ಹೋಗಲಾರದ ಸ್ಥಿತಿ. ಈ ಜಾಗದ ತೊಂದರೆ 2021ರ ಫೆಬ್ರವರಿಯಲ್ಲಿ ಸರಿಯಾಯಿತು. ಮ್ಯಾಕ್‌ನಲ್ಲಿ ಮೊದಲ ಮದ್ದು ರಿಕವರಿ ಕ್ರಮಕ್ಕೆ ಹೋಗಿ ಹಳೆಯದರ ಮೇಲೆಯೇ ಮತ್ತೆ ಇನ್‌ಸ್ಟಾಲ್ ಮಾಡುವುದು. ಇಂಟೆಲ್ ಯಂತ್ರದಲ್ಲಿ ಆನ್ ಮಾಡುವಾಗ ಕಮಾಂಡ್ ಮತ್ತು ಆರ್ ಕೀಲಿ, ಆ್ಯಪಲ್ ಚಿಪ್‌ನದಾದರೆ ಪವರ್ ಬಟನ್ ಒತ್ತಿ ಹಿಡಿಯಬೇಕು. ಅಳಿಸದೆ ಇನ್‌ಸ್ಟಾಲ್ ಮಾಡಿದರೆ ನಿಮ್ಮ ಫೈಲ್‌ಗಳು ಸಾಮಾನ್ಯವಾಗಿ ಉಳಿಯುತ್ತವೆ. ಕ್ಯಾಟಲಿನಾದಿಂದ ಈಚೆಗೆ ವ್ಯವಸ್ಥೆ ಒಂದು ವಾಲ್ಯೂಮ್‌ನಲ್ಲಿ, ನಿಮ್ಮ ಡೇಟಾ ಇನ್ನೊಂದರಲ್ಲಿ ಇರುತ್ತದೆ.

ಲಿನಕ್ಸ್‌ನ ಒಳ್ಳೆಯತನ ಏನೆಂದರೆ ಅದು ಬಾಯಿಬಿಟ್ಟು ಹೇಳುತ್ತದೆ. ಲಿನಕ್ಸ್‌ನದೇ ಒಂದು ಬಗೆಯಾದ ಉಬುಂಟು ಅಪ್‌ಗ್ರೇಡ್ ಕೆಟ್ಟರೆ ವಾರ್ ಲಾಗ್ (/var/log) ಒಳಗಿನ ಡಿಸ್ಟ್-ಅಪ್‌ಗ್ರೇಡ್ ಫೋಲ್ಡರ್‌ನಲ್ಲಿ ಯಾವ ಪ್ಯಾಕೇಜ್ ಎಡವಿತು ಎಂದು ಹೆಸರಿನ ಸಮೇತ ಇರುತ್ತದೆ. ಹೆಚ್ಚಿನ ಸಲ ಪಿಪಿಎ ಎಂಬ ಹೊರಗಿನ ಭಂಡಾರಗಳಿಂದ ತಂದ ಪ್ಯಾಕೇಜ್‌ಗಳು, ಹಳೆಯ ಕರ್ನೆಲ್‌ಗಳಿಂದ ತುಂಬಿಹೋದ ಬೂಟ್ ಪಾರ್ಟಿಷನ್, ಅಥವಾ ಹೊಸ ಕರ್ನೆಲ್‌ಗೆ ಕಟ್ಟಲಾಗದ ಎನ್‌ವಿಡಿಯಾ ಡ್ರೈವರ್. ಬೂಟ್ ಆಗುವಾಗ ರೂಟ್ ಫೈಲ್ ಸಿಸ್ಟಮ್ ಸಿಗಲಿಲ್ಲ ಎಂದು ಕರ್ನೆಲ್ ಪ್ಯಾನಿಕ್ (ಕರ್ನೆಲ್ ಮುಂದೆ ಹೋಗಲಾರದೆ ನಿಲ್ಲುವುದು) ಬಂದರೆ, ಜಾಗ ಸಾಲದೆ, ಬೂಟ್ ಶುರುವಿಗೆ ಬೇಕಾದ ಫೈಲ್ ಆದ ಇನಿಟ್‌ರ್‍ಯಾಮ್‌ಎಫ್‌ಎಸ್ ಪೂರ್ತಿ ತಯಾರಾಗಿಲ್ಲದಿರುವ ಸಾಧ್ಯತೆ ದೊಡ್ಡದು. ಬೂಟ್ ಆಯ್ಕೆ ತೋರಿಸುವ ಗ್ರಬ್ ಮೆನುವಿನ ಅಡ್ವಾನ್ಸ್‌ಡ್ ಆಯ್ಕೆಯಲ್ಲಿ ಹಳೆಯ ಕರ್ನೆಲ್ ಹಿಡಿದು ಒಳಗೆ ಬನ್ನಿ, ಜಾಗ ಮಾಡಿ, ಅರ್ಧಕ್ಕೆ ನಿಂತ ಪ್ಯಾಕೇಜ್‌ಗಳನ್ನು ಡಿಪಿಕೆಜಿ ಎಂಬ ಪ್ಯಾಕೇಜ್ ಉಪಕರಣದ ಕಾನ್ಫಿಗರ್ ಆಜ್ಞೆಯಿಂದ ಮುಗಿಸಿ. ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇಟ್ಟುಕೊಂಡವರಿಗೆ ಬೇರೆಯದೇ ಪೀಡೆ. 2024ರ ಆಗಸ್ಟ್‌ನ ಒಂದು ವಿಂಡೋಸ್ ಅಪ್‌ಡೇಟ್ ಸೆಕ್ಯೂರ್ ಬೂಟ್ ನಿಯಮ ಬಿಗಿ ಮಾಡಿ, ಹಳೆಯ ಬೂಟ್‌ಲೋಡರ್ ಇದ್ದ ಲಿನಕ್ಸ್‌ಗಳನ್ನು ಬಾಗಿಲಲ್ಲೇ ತಡೆದುಬಿಟ್ಟಿತು. ಒಂದರ ಅಪ್‌ಡೇಟ್, ಇನ್ನೊಂದಕ್ಕೆ ಏಟು.

ಇಷ್ಟೆಲ್ಲ ಪರದಾಟ ಅನಿವಾರ್ಯವೇ? ಅಲ್ಲ. ಕ್ರೋಮ್‌ಓಎಸ್ ಮೊದಲಿಂದಲೂ ವ್ಯವಸ್ಥೆಯ ಎರಡು ಪ್ರತಿ ಇಟ್ಟುಕೊಂಡಿದೆ. ಒಂದು ಓಡುತ್ತಿರುವಾಗ ಇನ್ನೊಂದರಲ್ಲಿ ಹೊಸದು ಸದ್ದಿಲ್ಲದೆ ಕೂರುತ್ತದೆ. ಮುಂದಿನ ಸಲ ಹೊಸದರಿಂದ ಬೂಟ್ ಆಗಲು ನೋಡುತ್ತದೆ, ಆಗದಿದ್ದರೆ ಹಳೆಯದಕ್ಕೆ ಮರಳುತ್ತದೆ. ಆಂಡ್ರಾಯ್ಡ್ 2016ರಲ್ಲಿ 7.0 ಆವೃತ್ತಿಯಿಂದ ಈ ದಾರಿ ಹಿಡಿಯಿತು. ಫೆಡೋರಾದ ಸಿಲ್ವರ್‌ಬ್ಲೂನಂಥ ಲಿನಕ್ಸ್‌ಗಳೂ ಬೇರೆ ತಂತ್ರದಿಂದ ಇದೇ ಅನುಕೂಲ ಕೊಡುತ್ತವೆ. ಇಲ್ಲೆಲ್ಲ ಗುಟ್ಟು ಒಂದೇ: ವ್ಯವಸ್ಥೆಯ ಫೈಲ್‌ಗಳಿಗೆ ಬೇರೆ ಯಾರೂ ಕೈಹಾಕುವಂತಿಲ್ಲ. ವಿಂಡೋಸ್ ದಶಕಗಳಿಂದ ಯಾವ ತಂತ್ರಾಂಶ ಬೇಕಾದರೂ ಒಳಗಿಳಿಯಲು ಬಿಟ್ಟಿದೆ. ಆ ಸ್ವಾತಂತ್ರ್ಯದಿಂದಲೇ ಹಳೆಯ ಪ್ರಿಂಟರ್, ಅಪರೂಪದ ಉಪಕರಣ ಎಲ್ಲವೂ ಅದರಲ್ಲಿ ಓಡುತ್ತವೆ, ಅದರಿಂದಲೇ ಅಪ್‌ಗ್ರೇಡ್ ದಿನ ಕಷ್ಟವೂ ಬರುತ್ತದೆ. ಆ ಸ್ವಾತಂತ್ರ್ಯ ಬಿಟ್ಟುಕೊಡದೆ ಈ ಕಷ್ಟ ಸರಿಪಡಿಸುವುದು ಸುಲಭವಲ್ಲ ಎಂದು ಒಪ್ಪುತ್ತೇನೆ. ದೋಷದ ಸಂದೇಶವನ್ನು ಮನುಷ್ಯರ ಭಾಷೆಯಲ್ಲಿ ಬರೆಯಲು ಮಾತ್ರ ಯಾವ ಅಡ್ಡಿಯೂ ಇಲ್ಲ.

ಈಗ ಏಳಲೂ ಆಗದೆ ನಿಂತ ಕಂಪ್ಯೂಟರ್. ಮೊದಲು ಕಾಯಿರಿ. ಶೇಕಡಾವಾರು ಅಂಕಿ ಒಂದು ಗಂಟೆ ಅಲುಗದಿದ್ದರೂ ಡಿಸ್ಕ್ ದೀಪ ಮಿನುಗುತ್ತಿದ್ದರೆ ಕೆಲಸ ನಡೆದಿದೆ. ಹಳೆಯ ಹಾರ್ಡ್ ಡಿಸ್ಕ್ ಆದರೆ ರಾತ್ರಿಯಿಡೀ ಬಿಟ್ಟರೂ ತಪ್ಪಿಲ್ಲ. ಲ್ಯಾಪ್‌ಟಾಪ್ ಚಾರ್ಜರ್‌ಗೆ ಸಿಕ್ಕಿಸಿಯೇ ಇರಲಿ. ಯಾವ ಚಲನೆಯೂ ಇಲ್ಲ ಎಂದು ಖಚಿತವಾದ ಮೇಲಷ್ಟೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಬೂಟ್ ಆಗುವಾಗ ಹೀಗೆ ಎರಡು ಮೂರು ಸಲ ತಪ್ಪಿದರೆ ವಿಂಡೋಸ್ ತಾನೇ ರಿಕವರಿ ಪರದೆಗೆ ಹೋಗುತ್ತದೆ. ಅಲ್ಲಿ ಸ್ಟಾರ್ಟಪ್ ರಿಪೇರ್ ಇದೆ, ಇತ್ತೀಚಿನ ಫೀಚರ್ ಅಪ್‌ಡೇಟ್ ತೆಗೆದುಹಾಕುವ ಆಯ್ಕೆಯೂ ಇದೆ. ಎರಡನೆಯದನ್ನು ಮೊದಲು ನೋಡಿ.

ಇದೇ ಹೊತ್ತಿಗೆ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ತನ್ನ 48 ಅಂಕಿಯ ಕೀ ಕೇಳಬಹುದು. ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ ಎಂದು ಹಲವರಿಗೆ ಗೊತ್ತಿರುವುದೇ ಇಲ್ಲ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಅದು ಕೇಳದೆಯೇ ಆನ್ ಆಗಿರುತ್ತದೆ. ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಆಫೀಸಿನ ಯಂತ್ರವಾದರೆ ಐಟಿ ವಿಭಾಗದವರ ಹತ್ತಿರ. ಆ ಕೀ ಇಲ್ಲದಿದ್ದರೆ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದರೂ ಒಂದು ಫೋಟೋ ಕೂಡ ಸಿಗುವುದಿಲ್ಲ. ಅಪ್‌ಗ್ರೇಡ್ ಬಟನ್ ಒತ್ತುವ ಮುನ್ನವೇ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಎರಡು ಮೂರು ಬೇರೆ ಬೇರೆ ಬದಲಾವಣೆ ಮಾಡಿಯೂ ಅದೇ ಹಂತದಲ್ಲಿ, ಅದೇ ಸಂಖ್ಯೆಯಲ್ಲಿ ನಿಂತರೆ ನಾನು ಇನ್ನು ಹುಡುಕುವುದಿಲ್ಲ. ಫೈಲ್‌ಗಳನ್ನು ಹೊರಗಿನ ಡಿಸ್ಕ್‌ಗೆ ಹಾಕಿ, ಯುಎಸ್‌ಬಿಯಿಂದ ಬೂಟ್ ಮಾಡಿ, ಹಳೆಯದನ್ನು ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಮೇಲು. ಯಂತ್ರದಲ್ಲಿ ಮೊದಲೇ ಸಕ್ರಿಯವಾಗಿದ್ದ ವಿಂಡೋಸ್‌ಗೆ ಲೈಸೆನ್ಸ್ ತಾನಾಗಿಯೇ ಮರಳಿ ಬರುತ್ತದೆ. ಬ್ರೌಸರ್ ಪಾಸ್‌ವರ್ಡ್, ಬೇಕಾದ ತಂತ್ರಾಂಶಗಳ ಪಟ್ಟಿ, ಅವುಗಳ ಕೀಗಳನ್ನು ಮಾತ್ರ ಮೊದಲೇ ತೆಗೆದಿಡಿ. ಹೊಸ ವ್ಯವಸ್ಥೆ ಎದ್ದ ಮೇಲೆ ಹಳೆಯ ಡ್ರೈವರ್ ಸಂಗ್ರಹವನ್ನು ತಂದು ಸುರಿಯಬೇಡಿ. ವಿಂಡೋಸ್ ಅಪ್‌ಡೇಟ್ ಒಮ್ಮೆ ಪೂರ್ತಿ ಓಡಲಿ, ಡಿವೈಸ್ ಮ್ಯಾನೇಜರ್ ತೆರೆದು ಹಳದಿ ಗುರುತು ಯಾವುದಕ್ಕಿದೆ ನೋಡಿ, ಅದಕ್ಕೆ ಮಾತ್ರ ತಯಾರಕರಿಂದ ಹೊಸ ಡ್ರೈವರ್ ತಂದು ಹಾಕಿ.